ಹೊಗೆಯಲ್ಲ, ಉಗಿ

ಕಳೆದ ಆಷಾಢದಲ್ಲಿ ನನ್ನ ನಾಲಿಗೆಯ ತುದಿಗೆ ಏನೋ ಆಗಿತ್ತು. ಬಿಸಿ ಚಹಾ ತಾಗಿದರೆ ಚುರ್ ಅನ್ನುತ್ತಿತ್ತು. ರೊಟ್ಟಿ ಜೊತೆ ಹಾಕಿದ ರಂಜಕ ತಾಟಿನಲ್ಲೇ ಉಳಿಯುತ್ತಿತ್ತು. ನಾನು ರಂಜಕ ಬಿಡುವವನಲ್ಲ, ಹಾಗಾಗಿ ಮನೆಯವಳಿಗೆ ಕೂಡಲೇ ಗೊತ್ತಾಯಿತು. "ಅಲ್ರೀ, ಆ ಪೈಪಿಂದೇ ಇದು. ಬಿಡಂಗಿಲ್ಲ ಅಂದ್ರ ತಂಬಾಕರೇ ಬದಲ ಮಾಡ್ರಿ" ಅಂದಳು.

ನಾನು ಪೈಪು ಸೇದುವುದು ವಾರಕ್ಕೆ ಒಂದೆರಡು ಸಲ. ಮನೆಯಲ್ಲಿ ಮೊಮ್ಮಗಳಿದ್ದಾಳೆ, ಆದ್ದರಿಂದ ಒಳಗೆ ಹಚ್ಚುವುದೇ ಇಲ್ಲ. ಮಾಳಿಗೆಯ ಮೇಲೆ, ತಗಡಿನ ಕೆಳಗೆ ಕೂತು ಒಂದು ಪೈಪು ಮುಗಿಸುತ್ತೇನೆ. ಇದು ಆರೋಗ್ಯಕ್ಕೆ ಒಳ್ಳೆಯದಲ್ಲ ಅನ್ನುವುದು ಗೊತ್ತು. ಅದಕ್ಕೇ ಲೆಕ್ಕ ಇಟ್ಟಿದ್ದೇನೆ. ಸೇದುವುದೇ ಇಷ್ಟು ಕಡಿಮೆ ಅಂದಮೇಲೆ ಅದು ನನ್ನ ನಾಲಿಗೆಗೆ ಹಿಡಿಸುವಂತೆ ಇರಬೇಕು, ಅಲ್ವಾ?

ಧಾರವಾಡದಲ್ಲಿ ಪೈಪಿನ ತಂಬಾಕು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ವಿದೇಶದಿಂದ ಅಳಿಯ ಬರುವಾಗ ತರುತ್ತಾನೆ. ಸುಂಕವಿಲ್ಲದೆ ಒಬ್ಬರು ತರಬಹುದಾದ ತಂಬಾಕು 125 ಗ್ರಾಂ. ಆ ಸಲ 50 ಗ್ರಾಂ ವರ್ಜೀನಿಯಾ, 50 ಗ್ರಾಂ ಬರ್ಲಿ, 25 ಗ್ರಾಂ ಲಟಾಕಿಯಾ ತಂದಿದ್ದ. ಮೂರೂ ಬೇರೆ ಬೇರೆ. ಕೂಡಿಸುವುದು ನನ್ನ ಕೆಲಸ.

ಈ ಮೂರು ಎಲೆಗಳ ಸ್ವಭಾವ ಗೊತ್ತಾದರೆ ಕೂಡಿಸುವುದು ಒಗ್ಗರಣೆಯಷ್ಟೇ ಖುಷಿ ಕೊಡುತ್ತದೆ. ವರ್ಜೀನಿಯಾ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ಜಾತಿಯೇ. ಎಲೆಯನ್ನು ಬ್ಯಾರನ್ನಿನಲ್ಲಿ, ಅಂದರೆ ಒಣಗಿಸುವ ಮನೆಯಲ್ಲಿ, ತೂಗುಹಾಕಿ ಬಿಸಿಗಾಳಿಯಲ್ಲಿ ಹದ ಮಾಡುತ್ತಾರೆ. ಬೇಗ ಒಣಗುವುದರಿಂದ ಎಲೆಯ ಸಕ್ಕರೆ ಒಳಗೇ ಉಳಿಯುತ್ತದೆ. ಸಿಹಿ, ಒಣಹುಲ್ಲಿನ ವಾಸನೆ, ಆದರೆ ಜೋರಾಗಿ ಎಳೆದರೆ ನಾಲಿಗೆ ಕಚ್ಚುತ್ತದೆ. ಬರ್ಲಿಯನ್ನು ನೆರಳಿನಲ್ಲಿ ವಾರಗಟ್ಟಲೆ ಗಾಳಿಗೆ ಬಿಡುತ್ತಾರೆ. ಅದರಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಹುರಿದ ಶೇಂಗಾದ ಹತ್ತಿರದ ರುಚಿ. ಲಟಾಕಿಯಾ ಅಂದರೆ ಕಟ್ಟಿಗೆ ಹೊಗೆಯಲ್ಲಿ ಹದವಾದ ಕರಿ ಎಲೆ. ಸಿರಿಯಾದ ಊರೊಂದರ ಹೆಸರು ಅದಕ್ಕೆ, ಈಗ ಹೆಚ್ಚಾಗಿ ಸಿಗುವುದು ಸೈಪ್ರಸ್ಸಿನದು. ಡಬ್ಬಿ ತೆಗೆದಾಗ ನಮ್ಮ ಅಜ್ಜಿಯ ಅಡುಗೆಮನೆ ನೆನಪಾಯಿತು. ಒಲೆಯ ಮೇಲಿನ ಜಂತಿಗೆ ಇದೇ ವಾಸನೆ ಇತ್ತು.

ಅಡುಗೆಮನೆಯ ಪುಟ್ಟ ತಕ್ಕಡಿ ತಂದು ಹತ್ತು ಗ್ರಾಂ ಕೂಡಿಸಿದೆ. ಆರು ವರ್ಜೀನಿಯಾ, ಮೂರು ಬರ್ಲಿ, ಒಂದು ಲಟಾಕಿಯಾ. ಮೂರು ಒಂದಕ್ಕೊಂದು ಹೊಂದಿಕೊಳ್ಳಲಿ ಅಂತ ಗಾಜಿನ ಬಾಟಲಿಗೆ ಹಾಕಿ ಎರಡು ವಾರ ಕಪಾಟಿನಲ್ಲಿಟ್ಟೆ. ತೆಗೆದು ಸೇದಿದರೆ ನಾಲಿಗೆ ಸುಟ್ಟಿತು. ಸಕ್ಕರೆ ಜಾಸ್ತಿಯಾಗಿದೆ ಅಂದುಕೊಂಡು ವರ್ಜೀನಿಯಾ ನಾಲ್ಕಕ್ಕೆ ಇಳಿಸಿದೆ, ಬರ್ಲಿ ಐದಕ್ಕೆ ಏರಿಸಿದೆ. ಗಂಟಲು ಒರಟಾಯಿತು, ನಾಲಿಗೆ ಮತ್ತೆ ಸುಟ್ಟಿತು. ಮೂರನೆಯ ಸಲ ಬರೀ ಬರ್ಲಿ, ಲಟಾಕಿಯಾ. ಅದನ್ನು ಹಾಕಿದ ಬಾಟಲಿಯಲ್ಲಿ ಹಿಂದೆ ಇಂಗು ಇತ್ತು. ಎರಡು ಸಲ ತೊಳೆದಿದ್ದೆ, ಆದರೂ ಬರ್ಲಿ ಆ ವಾಸನೆಯನ್ನು ಪೂರ್ತಿ ಹೀರಿಕೊಂಡಿತು. ಹತ್ತು ಗ್ರಾಂ ಚೆಲ್ಲಬೇಕಾಯಿತು. ಅವತ್ತು ನಿಜವಾಗಿ ಸಂಕಟವಾಯಿತು. ಮತ್ತೆ ತಂಬಾಕು ಬರುವುದು ಒಂದು ವರ್ಷ ಬಿಟ್ಟು.

ಆ ಭಾನುವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಬಾಜೂ ಮನೆಯ ಕಾಕಾ ಚಹಾಕ್ಕೆ ಬಂದಿದ್ದರು. ಅವರು ನಿಪ್ಪಾಣಿ ಕಡೆಯವರು, ವಯಸ್ಸು ಎಂಬತ್ತರ ಹತ್ತಿರ, ಪ್ರಾಯದಲ್ಲಿ ಬೀಡಿ ತಂಬಾಕು ಬೆಳೆದವರು. ನಾನು ಬಾಟಲಿ ಮುಂದಿಟ್ಟು ಕಥೆ ಹೇಳಿದೆ. ಎಷ್ಟಕ್ಕೆ ಎಷ್ಟು ಅನ್ನುವ ನನ್ನ ಲೆಕ್ಕವನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಉಂಡೆ ಉಂಡೆಯಾಗಿಯೇ ಉಳಿಯಿತು.

"ತಮ್ಮಾ, ಇದು ಹಸಿ ಐತಿ. ಹಸಿ ತಂಬಾಕ ಸೇದಿದ್ರ ಹೊಗಿ ಕಮ್ಮಿ, ಉಗಿ ಜಾಸ್ತಿ. ನಾಲಿಗಿ ಸುಡದ ಏನ್ ಮಾಡ್ತೈತಿ?"

ನಾನು ಸುಮ್ನೆ ಕೂತೆ. ಡಬ್ಬಿಯ ತಂಬಾಕು ಬರುವಾಗಲೇ ಸ್ವಲ್ಪ ತೇವ ಇರುತ್ತದೆ. ಮೇಲೆ ಧಾರವಾಡದ ಆಷಾಢ, ಉಪ್ಪಿನ ಡಬ್ಬಿಯೇ ನೀರು ಬಿಡುವ ಕಾಲ. ನಾನು ದಿನಾ ಮುಚ್ಚಳ ತೆಗೆದು ವಾಸನೆ ನೋಡುತ್ತಿದ್ದೆ. ಹಸಿ ಎಲೆಯ ಕೆಂಡ ಆರಿ ಆರಿ ಹೋಗುತ್ತದೆ, ಆರದಿರಲಿ ಅಂತ ಜೋರಾಗಿ ಎಳೆಯುತ್ತೇವೆ. ಆಗ ಬಿಸಿ ಇನ್ನೂ ಜಾಸ್ತಿ.

ಕಾಕಾ ತಮ್ಮ ಹೊಲದ ಮಾತಿಗೆ ಹೋದರು. ಅಲ್ಲಿ ಎಲೆಯನ್ನು ನೆಲಕ್ಕೆ ಹಾಸಿ ಬಿಸಿಲಿಗೆ ಒಣಗಿಸುತ್ತಿದ್ದರಂತೆ. ಆದರೆ ಎತ್ತುವುದು ಮಾತ್ರ ನಸುಕಿನಲ್ಲಿ. "ಇಬ್ಬನಿ ಕುಂತಾಗ ಮುಟ್ಟಬೇಕು. ಬಿಸಿಲಾಗ ಮುಟ್ಟಿದ್ರ ಪುಡಿಪುಡಿ." ಎಲೆಯ ಹದ ಅವರ ಬೆರಳಿನಲ್ಲಿತ್ತು. ನಾನು ತಕ್ಕಡಿಯಲ್ಲಿ ಹುಡುಕುತ್ತಿದ್ದೆ.

ಬಿಸಿಲಂತೂ ಇರಲಿಲ್ಲ. ಮನೆಯವಳು ಆಗಷ್ಟೇ ರೊಟ್ಟಿ ಬಡಿದು ಮುಗಿಸಿದ್ದಳು. ಆರುತ್ತಿದ್ದ ಹಂಚಿನ ಪಕ್ಕ, ಕಟ್ಟೆಯ ಮೇಲೆ, ತಾಟಿನಲ್ಲಿ ಕಾಗದ ಹಾಸಿ ತಂಬಾಕು ಹರವಿದೆ. ಹತ್ತು ನಿಮಿಷಕ್ಕೊಮ್ಮೆ ಕಾಕಾ ಬಂದು ಒತ್ತಿ ನೋಡುತ್ತಿದ್ದರು. ಅರ್ಧ ತಾಸಿನ ಹೊತ್ತಿಗೆ ಒತ್ತಿ ಬಿಟ್ಟ ಚಿಟಿಕೆ ಮೆಲ್ಲಗೆ ತಾನೇ ಬಿಚ್ಚಿಕೊಂಡಿತು. ಪುಡಿಯಾಗಲಿಲ್ಲ. "ಈಗ ಆತು" ಅಂದರು.

ಸಂಜೆ ಮಾಳಿಗೆಯಲ್ಲಿ ಹಚ್ಚಿದೆ. ಮೊದಲಿನ ಆರು, ಮೂರು, ಒಂದರ ಮಿಶ್ರಣದಲ್ಲಿ ಸ್ವಲ್ಪ ಉಳಿದಿತ್ತು, ಅದನ್ನೇ ಒಣಗಿಸಿದ್ದೆವು. ಎರಡೇ ಕಡ್ಡಿಗೆ ಹತ್ತಿಕೊಂಡಿತು. ಮೆಲ್ಲಗೆ ಎಳೆದರೆ ಸಾಕಾಯಿತು. ಮೊದಲು ಸಿಹಿ, ಅದರ ಹಿಂದೆ ಶೇಂಗಾ, ಕೊನೆಗೆ ಅಜ್ಜಿಯ ಜಂತಿ. ಲಟಾಕಿಯಾ ಮಾತ್ರ ಸ್ವಲ್ಪ ಮುಂದೆ ನುಗ್ಗುತ್ತಿತ್ತು. ಮುಂದಿನ ಸಲ ಅದನ್ನು ಅರ್ಧ ಗ್ರಾಂ ಮಾಡಿದೆ. ನನಗೆ ಬೇಕಾದ ತಿದ್ದುಪಡಿ ಇಷ್ಟೇ ಆಗಿತ್ತು.

ಕಾಕಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪೈಪು ಕೊಡಲು ಹೋದರೆ ಬೇಡ ಅಂದರು, ಎಲೆ ಅಡಿಕೆಯನ್ನೂ ಬಿಟ್ಟು ಹತ್ತು ವರ್ಷವಾಗಿದೆ. ಬಾಟಲಿ ಮಾತ್ರ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. ಮಳೆ ಮತ್ತೆ ಶುರುವಾಯಿತು. ನಾನು ಹೇಳುವ ಮೊದಲೇ ಅವರು ಮುಚ್ಚಳ ಬಿಗಿಯಾಗಿ ಹಾಕಿದರು.