ಕೋಟೆಗುಡ್ಡದ ಓತಿಕ್ಯಾತ

ಮಿರಗದ ಮಳೆ ಒಂದು ಸಲ ಬಿದ್ದುಹೋದ ಮೇಲೆ ಯಾದಗಿರಿಯ ಕೋಟೆಗುಡ್ಡ ಹತ್ತಿ ನೋಡಬೇಕು. ಬಂಡೆಗೊಂದು ಓತಿಕ್ಯಾತ! ಮನೆ ಬೇಲಿಯಲ್ಲಿ ಕಾಣುವ ಜಾತಿ ಅಲ್ಲ, ಬಂಡೆಯ ಮೇಲೇ ಬದುಕುವಂಥದ್ದು. ಸಾಮೋಫಿಲಸ್ ಡಾರ್ಸಾಲಿಸ್ ಅಂತ ಹೆಸರು. ಜೋಡಿ ಹುಡುಕುವ ಈ ಕಾಲದಲ್ಲಿ ಗಂಡಿನ ಬೆನ್ನು ಕೆಂಪಗೆ, ಪಕ್ಕೆ ಕಪ್ಪಗೆ ಆಗುತ್ತದೆ.

ಅಂಥ ಒಬ್ಬ ಗುಂಡುಕಲ್ಲಿನ ನೆತ್ತಿಯಲ್ಲಿ ಕೂತಿದ್ದ. ನಿಂತು ತೆಗೆದ ಫೋಟೋದಲ್ಲಿ ಹಲ್ಲಿ ಜಾತಿಯವೆಲ್ಲ ನೆಲಕ್ಕೆ ಅಂಟಿಸಿದ ಹಾಗೆ ಕಾಣುತ್ತವೆ. ಲೆನ್ಸು ಅದರ ಕಣ್ಣಿನ ಮಟ್ಟಕ್ಕೆ ಬರಬೇಕು. ಹಾಗಾಗಿ ಹೊಟ್ಟೆ ಮೇಲೆ ಮಲಗಿ ಗೇಣು ಗೇಣು ಸರಿದೆ. ಅದು ತಲೆ ಎತ್ತಿದರೆ ನಾನು ಗಪ್ಪು. ಇರುವೆ ಹೆಕ್ಕಲು ಶುರುಮಾಡಿದರೆ ಇನ್ನೊಂದು ಗೇಣು. ಎಂಟು ಗಂಟೆಗೇ ಕಲ್ಲು ಸುಡುತ್ತಿತ್ತು.

"ಬಿಸಿಲಾಗ ಯಾಕ ಬಿದ್ದೀಯೋ ತಮ್ಮಾ?" ಆಡು ಮೇಯಿಸುವ ಮುತ್ಯಾ ಒಬ್ಬರು ಮೇಲಿನ ಬಂಡೆಯಿಂದ ಕೇಳಿದರು.

"ಓತಿಕ್ಯಾತ ನೋಡ್ಲಿಕತ್ತೀನಿ ಮುತ್ಯಾ."

"ಆ ಕಲ್ಲು ಅದರದೇ. ದಿನಾ ಅಲ್ಲೇ ಕುಂದ್ರತದ. ಆಚಿ ಕಲ್ಲು ಇನ್ನೊಂದರದು. ತಡಿ, ಈಗ ಬರ್ತದ."

ಬಂದೇಬಿಟ್ಟಿತು. ನಮ್ಮವನು ಮುಂಗಾಲು ಸೆಟೆಸಿ ದಂಡ ಹೊಡೆಯತೊಡಗಿದ. ಮೈ ಏಳೋದು, ಇಳಿಯೋದು. ನೋಡನೋಡುತ್ತಲೇ ಬೆನ್ನಿನ ಕೆಂಪು ಇಳಿದು ಹಳದಿ ಬಂತು, ಪಕ್ಕೆಯ ಕಪ್ಪು ಹೋಗಿ ಕಿತ್ತಳೆ ಆಯಿತು. ಹೆಣ್ಣಿಗೆ ತೋರಿಸೋ ಬಣ್ಣ ಬೇರೆ, ಎದುರಾಳಿಗೆ ತೋರಿಸೋದು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದರ ಮೇಲೆ ಅಧ್ಯಯನ ಮಾಡಿದ್ದಾರೆ. ಊರೊಳಗೆ ಬದುಕುವ ಗಂಡುಗಳ ಬಣ್ಣ ಹೊರಗಿನವುಗಳಷ್ಟು ಗಾಢವಾಗಿ ಏರುವುದಿಲ್ಲ ಅಂತಲೂ ಅವರಿಗೆ ಕಂಡಿದೆ. ಓದಿ ಗೊತ್ತಿತ್ತು ನಿಜ, ಆದರೆ ಕಣ್ಣೆದುರು ಬಣ್ಣ ತಿರುಗೋದು ನೋಡಿದಾಗ ಬಟನ್ ಒತ್ತೋದೇ ಮರೆಯುತ್ತದೆ. ಬಂದವನು ಎರಡು ದಂಡ ಹೊಡೆದು ಸುಮ್ನೆ ವಾಪಸ್ ಹೋದ. ಜಗಳ ಅಲ್ಲಿಗೇ ಮುಗೀತು.

ಇಂಥದ್ದನ್ನೆಲ್ಲ ಬಿಟ್ಟು, ಕೆಲವರು ಹಿಡಿದು ತಂದು ಫ್ರಿಜ್ಜಿನಲ್ಲಿಟ್ಟು, ಮರಗಟ್ಟಿಸಿ ಕೊಂಬೆ ಮೇಲೆ ಕೂರಿಸಿ ಫೋಟೋ ತೆಗೆಯುತ್ತಾರೆ. ಅಂಥ ಫೋಟೋ ಎಷ್ಟೇ ಚೂಪಾಗಿ ಬಂದಿದ್ದರೂ ನನಗೆ ನೋಡಲಾಗದು. ಹೆದರಿದ ಪ್ರಾಣಿಯ ಬಣ್ಣವೂ ಅದರ ಬಣ್ಣ ಅಲ್ಲ, ಅಲ್ವಾ?

ಮುತ್ಯಾ ಇಳಿದು ಬಂದು ಕ್ಯಾಮೆರಾದ ಪರದೆಗೆ ಕೈ ಮರೆ ಹಿಡಿದು ನೋಡಿದರು. "ಬರೇ ಗಂಡಿಂದೇ ಹೊಡದೀಯಲ್ಲ. ಹೆಣ್ಣು ಅಲ್ಲೇ ಅದ ನೋಡು."

ಅವರು ಕೋಲು ಚಾಚಿದ ಕಡೆ ನನಗೆ ಕಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಬೂದು ಮೈ, ಮೇಲೆ ಕಂದು ಚುಕ್ಕೆ, ಥೇಟ್ ಬಂಡೆಯದೇ ಬಣ್ಣ. ಕಣ್ಣು ಮಿಟುಕಿಸಿದಾಗಲೇ ಅದು ಹೆಣ್ಣು ಅಂತ ಗೊತ್ತಾಗಿದ್ದು. ಆಟೋಫೋಕಸ್ ಕೂಡ ಪದೇ ಪದೇ ಬಂಡೆಯನ್ನೇ ಹಿಡಿಯುತ್ತಿತ್ತು. ಕೈಯಿಂದಲೇ ಫೋಕಸ್ ತಿರುಗಿಸಿ ತೆಗೆದೆ.

"ಹಾಂ, ಈಗ ಜೋಡಿ ಆತು" ಅಂದು ಮುತ್ಯಾ ಆಡಿನ ಹಿಂದೆ ಹೊರಟರು.