ಎಡ್ಲಿನ್‌ನಲ್ಲಿ ಸಾಲು ಅಳಿಸುವುದಿದ್ದರೆ ಕೆಳಗಿನಿಂದ ಮೇಲಕ್ಕೆ ಬನ್ನಿ

ಹಳೆಯ ಪಿಸಿಗಳ ಆಪರೇಟಿಂಗ್ ಸಿಸ್ಟಮ್ ಆಗಿದ್ದ ಡಾಸ್ ಜೊತೆ ಬಿಟ್ಟಿಯಾಗಿ ಬರುತ್ತಿದ್ದ, ಪಠ್ಯವನ್ನು ಸಾಲು ಸಾಲಾಗಿ ತಿದ್ದುವ ಎಡ್ಲಿನ್ ಎಡಿಟರ್ ಅನ್ನು ಇಷ್ಟಪಟ್ಟು ಬಳಸಿದವರು ಕಡಿಮೆ. ಕಮಾಂಡ್‌ಗಳು ಕಗ್ಗಂಟು ಎಂಬ ದೂರು ಮಾತ್ರ ಅನ್ಯಾಯದ್ದು. ಇರುವುದೆಲ್ಲ ಒಂದೊಂದು ಅಕ್ಷರದವು, ಅರ್ಧ ಗಂಟೆಯಲ್ಲಿ ಬಾಯಿಪಾಠವಾಗುತ್ತವೆ. ಕೈಕೊಡುತ್ತಿದ್ದುದು ಸಾಲಿನ ನಂಬರು.

ಆಗ ಪಿಸಿ ಕೊಂಡವರಲ್ಲಿ ಬಹಳಷ್ಟು ಮಂದಿಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿತ್ತು. ಬೇಸಿಕ್‌ನಲ್ಲಿ 10, 20, 30 ಎಂಬ ನಂಬರುಗಳು ಪ್ರೋಗ್ರಾಮಿನದೇ ಭಾಗ. 20ನ್ನು ಅಳಿಸಿದರೂ 30ನೆಯದು 30 ಆಗಿಯೇ ಉಳಿಯುತ್ತದೆ. ಎಡ್ಲಿನ್ ತೋರಿಸುವ ನಂಬರು ಫೈಲಿನಲ್ಲಿ ಇರುವುದೇ ಇಲ್ಲ. ಅದು ಮೇಲಿನಿಂದ ಎಣಿಸಿದ ಲೆಕ್ಕ ಅಷ್ಟೆ, ಒಂದು ಸಾಲು ಹೋದ ಕೂಡಲೇ ಕೆಳಗಿನವೆಲ್ಲ ಒಂದೊಂದು ಮೇಲಕ್ಕೆ ಸರಿಯುತ್ತವೆ.

ಪಿಸಿ ಶುರುವಾದಾಗ ತಾನಾಗಿ ಓಡುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಈ ಆರು ಸಾಲು ಇವೆ ಎನ್ನಿ:

1: ಎಕೋ ಆಫ್
2: ಪಾತ್
3: ಮೌಸ್
4: ಪ್ರಾಂಪ್ಟ್
5: ಸಿಡಿ
6: ಡಬ್ಲ್ಯೂಎಸ್

3 ಮತ್ತು 5 ಬೇಡ. ಎಡ್ಲಿನ್ ಕಮಾಂಡ್ ಕೇಳುವ ಪ್ರಾಂಪ್ಟ್‌ನಲ್ಲಿ ‘3ಡಿ’ (ಡಿ ಎಂದರೆ ಅಳಿಸು) ಎಂದು ಹೊಡೆದು, ಆಮೇಲೆ ‘5ಡಿ’ ಎಂದರೆ ಹೋಗುವುದು ಸಿಡಿ ಅಲ್ಲ, ವರ್ಡ್‌ಸ್ಟಾರ್ ಎಂಬ ವರ್ಡ್ ಪ್ರೊಸೆಸರ್ ತೆರೆಯುವ ಕೊನೆಯ ಸಾಲು (ಡಬ್ಲ್ಯೂಎಸ್). ‘5ಡಿ’ ಮೊದಲು, ‘3ಡಿ’ ಆಮೇಲೆ ಕೊಟ್ಟರೆ ಈ ತೊಂದರೆಯಿಲ್ಲ. ಪ್ರತಿ ಅಳಿಸುವಿಕೆಯ ನಂತರ ‘ಎಲ್’ ಒತ್ತಿ ಪಟ್ಟಿ ನೋಡುವುದೂ ಒಂದು ದಾರಿ. ಅದು ಈಗಿನ ಸಾಲಿನ ಸುತ್ತ 23 ಸಾಲು ತೋರಿಸುತ್ತದೆ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಅಂಡೂ ಇಲ್ಲವಾದ್ದರಿಂದ ತಪ್ಪಿದರೆ ‘ಕ್ಯೂ’ ಒತ್ತಿ, ವೈ ಎಂದು ಉತ್ತರಿಸಿ, ಏನನ್ನೂ ಉಳಿಸದೆ ಹೊರಬಂದು ಮೊದಲಿನಿಂದ ಶುರುಮಾಡಬೇಕು.

ಸೇರಿಸುವಾಗಲೂ ಇದೇ ಎಚ್ಚರ ಬೇಕು. ‘ಐ’ ಎಂದರೆ ಈಗಿನ ಸಾಲಿಗೆ ಮೊದಲು ಸೇರಿಸು ಎಂದರ್ಥ. ಫೈಲ್ ತೆರೆದಾಗ ಈಗಿನ ಸಾಲು 1 ಆಗಿರುತ್ತದೆ. ಕೊನೆಯಲ್ಲಿ ಸೇರಿಸಹೊರಟವರ ಹೊಸ ಸಾಲು ಎಕೋ ಆಫ್‌ಗಿಂತಲೂ ಮೇಲೆ ಹೋಗಿ ಕೂರುತ್ತದೆ. ಕೊನೆಗೆ ಬೇಕಿದ್ದರೆ ‘#ಐ’ ಎನ್ನಬೇಕು, # ಎಂದರೆ ಕೊನೆ. ಮುಗಿದ ಮೇಲೆ ಕಂಟ್ರೋಲ್-ಸಿ. ಇನ್ನೊಂದು ಕಿರಿಕಿರಿ: ಪ್ರಾಂಪ್ಟೂ ನಕ್ಷತ್ರ ಚಿಹ್ನೆ, ಈಗಿನ ಸಾಲಿನ ಗುರುತೂ ನಕ್ಷತ್ರ ಚಿಹ್ನೆ. ಹೊಸಬರು ಅದನ್ನು ಫೈಲಿನ ಅಕ್ಷರ ಎಂದೇ ಓದಿಕೊಳ್ಳುತ್ತಾರೆ.

ಇದನ್ನು ಬರೆದ ಟಿಮ್ ಪ್ಯಾಟರ್ಸನ್ ದಡ್ಡರಲ್ಲ. 1980ರಲ್ಲಿ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿ ಡಾಸ್‌ನ ಮೂಲರೂಪವಾದ 86-ಡಾಸ್ ಕಟ್ಟುತ್ತಿದ್ದಾಗ ಎರಡು ವಾರದಲ್ಲಿ ಮುಗಿಸಿದ ಕೆಲಸ ಇದು. ಆರು ತಿಂಗಳು ಬಾಳಿದರೆ ಸಾಕು ಎಂಬ ಲೆಕ್ಕ ಇತ್ತು. ಆ ಕಂಪನಿಯ ಎಸ್-100 ಬಗೆಯ ಕಂಪ್ಯೂಟರ್‌ಗಳಿಗೆ ಸೀರಿಯಲ್ ಟರ್ಮಿನಲ್ (ತಂತಿಯಲ್ಲಿ ಜೋಡಿಸುವ ಬೇರೆ ಪರದೆ, ಕೀಲಿಮಣೆ) ಜೋಡಿಸುತ್ತಿದ್ದರು, ಕರ್ಸರ್ ಓಡಿಸುವ ಕೋಡ್ ಒಂದೊಂದು ಕಂಪನಿಯ ಟರ್ಮಿನಲ್‌ಗೆ ಒಂದೊಂದು ಬಗೆ. ಸಾಲು ಸಾಲಾಗಿ ಅಚ್ಚು ಹಾಕುವ ಎಡಿಟರ್ ಯಾವ ಟರ್ಮಿನಲ್‌ನಲ್ಲೂ ನಡೆಯುತ್ತದೆ. ಆದರೆ 1981ರ ಐಬಿಎಂ ಪಿಸಿಯಲ್ಲಿ 25 ಸಾಲಿನ, ನೇರ ಮೆಮೊರಿಯಿಂದ ಬರೆಯಬಹುದಾದ ಪರದೆ ಇತ್ತು. ಅಲ್ಲಿಗೂ ಅದೇ ಎಡಿಟರ್ ಹೋಯಿತು. ಡಾಸ್ 5.0 ಜೊತೆ 1991ರಲ್ಲಿ ಎಡಿಟ್ ಬರುವ ತನಕ ಪೆಟ್ಟಿಗೆಯಲ್ಲಿ ಬೇರೆ ಎಡಿಟರ್ ಇರಲಿಲ್ಲ.

ಒಂದೇ ಸಾಲನ್ನು ತಿದ್ದುವುದು ಮಾತ್ರ ಸೊಗಸು. ‘2’ ಎಂದು ಹೊಡೆದು ಎಂಟರ್ ಒತ್ತಿದರೆ ಹಳೆ ಸಾಲು ಮೇಲೆ ಕಾಣುತ್ತದೆ, ಕೆಳಗೆ ಖಾಲಿ ಜಾಗ. ಎಫ್1 ಒಂದು ಅಕ್ಷರ ನಕಲಿಸುತ್ತದೆ, ಎಫ್2 ಒತ್ತಿ ಒಂದು ಅಕ್ಷರ ಹೊಡೆದರೆ ಅದರ ತನಕ, ಎಫ್3 ಉಳಿದದ್ದನ್ನೆಲ್ಲ. ನಡುವೆ ತುರುಕಲು ಇನ್ಸರ್ಟ್, ಬಿಡಲು ಡಿಲೀಟ್. ಹೆಚ್ಚು ಜನ ಎಡವುವುದು ಎಂಟರ್‌ನಲ್ಲಿ: ಅರ್ಧ ತಿದ್ದಿ, ಎಫ್3 ಒತ್ತದೆ ಎಂಟರ್ ಕೊಟ್ಟರೆ ಕರ್ಸರ್‌ನ ಆಚೆ ಇದ್ದ ಭಾಗವೆಲ್ಲ ಹೋಗುತ್ತದೆ. ಉದ್ದದ ಪಾತ್ ಸಾಲು ಅರ್ಧಕ್ಕೆ ತುಂಡಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪದ ಬದಲಿಸಲು ‘1,#ಆರ್’, ಜಾಗ ಬಿಡದೆ ಹಳೆಯ ಪದ, ಎಫ್6 (ಕಂಟ್ರೋಲ್-ಝಡ್ ಹಾಕುತ್ತದೆ), ಆಮೇಲೆ ಹೊಸ ಪದ. ಆರ್ ಆದ ಮೇಲೆ ಜಾಗ ಬಿಟ್ಟರೆ ಆ ಜಾಗವನ್ನೂ ಸೇರಿಸಿ ಹುಡುಕುತ್ತದೆ, ಸಿಗುವುದಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ಭೇದವೂ ಉಂಟು. ‘1,#’ ಮರೆತರೆ ಹುಡುಕಾಟ ಈಗಿನ ಸಾಲಿನ ಮುಂದಿನದರಿಂದ ಶುರುವಾಗುತ್ತದೆ, ಮೇಲಿನವು ಹಾಗೇ ಉಳಿಯುತ್ತವೆ. ಆರ್‌ಗೆ ಮೊದಲು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಪ್ರತಿ ಬಾರಿಯೂ ಕೇಳಿ ಬದಲಿಸುತ್ತದೆ.

ದೊಡ್ಡ ಫೈಲಿನಲ್ಲಿ ನಂಬರಿನ ಪೀಡೆ ಇಮ್ಮಡಿ. ಮೆಮೊರಿಯ ಮುಕ್ಕಾಲು ಭಾಗ ತುಂಬಿದ ಕೂಡಲೇ ಎಡ್ಲಿನ್ ಓದುವುದನ್ನು ನಿಲ್ಲಿಸುತ್ತದೆ. ಫೈಲ್ ಮುಗಿಯಿತು ಎಂಬ ಸಂದೇಶ ಬಾರದಿದ್ದರೆ ಇನ್ನೂ ಸಾಲುಗಳು ಡಿಸ್ಕಿನಲ್ಲೇ ಇವೆ ಎಂದರ್ಥ. ‘ಡಬ್ಲ್ಯೂ’ದಿಂದ ಮೊದಲ ಸಾಲುಗಳನ್ನು ಡಿಸ್ಕಿಗೆ ಬರೆದು, ‘ಎ’ದಿಂದ ಮುಂದಿನವನ್ನು ತರಬೇಕು. ಬರೆದಾದ ಮೇಲೆ ಉಳಿದವು ಮತ್ತೆ 1ರಿಂದ ಎಣಿಕೆಗೆ ಬೀಳುತ್ತವೆ! ಕಾಗದದ ಮೇಲೆ ಬರೆದಿಟ್ಟ ನಂಬರುಗಳು ಅಲ್ಲಿಗೆ ರದ್ದಿ.

ಇಷ್ಟಿದ್ದರೂ ಜನ ಇದನ್ನು ಬಿಡಲಾಗದಿದ್ದುದಕ್ಕೆ ಕಾರಣ ವರ್ಡ್‌ಸ್ಟಾರ್. ಅದರ ಡಾಕ್ಯುಮೆಂಟ್ ಮೋಡ್ ಕೆಲವು ಅಕ್ಷರಗಳ ಎಂಟನೇ ಬಿಟ್ ಎತ್ತಿ ಅವುಗಳ ಕೋಡನ್ನೇ ಬದಲಿಸಿಬಿಡುತ್ತಿತ್ತು, ಹಾಗೆ ಉಳಿಸಿದ ಕಾನ್ಫಿಗ್.ಸಿಸ್ (ಡಾಸ್ ಶುರುವಾಗುವಾಗ ಓದುವ ಸೆಟಪ್ ಫೈಲು) ಡಾಸ್‌ಗೆ ಅರ್ಥವಾಗುತ್ತಿರಲಿಲ್ಲ. ಎಡ್ಲಿನ್ ಬರೆಯುವುದು ಶುದ್ಧ ಪಠ್ಯ. ‘ಇ’ ಕೊಟ್ಟು ಹೊರಬಂದಾಗ ಹಳೆಯದನ್ನು .ಬ್ಯಾಕ್ ಆಗಿ ಉಳಿಸುವುದೂ ಅದರ ಪುಣ್ಯ. ಹಳೆಯದು ಹೊಸದು ಎರಡಕ್ಕೂ ಜಾಗ ಬೇಕಾದ್ದರಿಂದ ಫ್ಲಾಪಿ ತುಂಬುತ್ತಾ ಬಂದಿದ್ದರೆ ಮೊದಲು ಹಳೆ .ಬ್ಯಾಕ್ ಫೈಲುಗಳನ್ನು ಅಳಿಸಿ.

ಈಗ ಆಡಿ ನೋಡುವವರಿಗೆ ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್‌ನಲ್ಲಿ ಇದರ ಹೊಸ ಅವತಾರ ಸಿಗುತ್ತದೆ. ಅಲ್ಲಿ ಸೇರಿಸುವುದನ್ನು ಮುಗಿಸಲು ಒಂಟಿ ಚುಕ್ಕಿಯ ಸಾಲು ಹೊಡೆಯಬೇಕು. ಕಮಾಂಡ್‌ಗಳನ್ನು ಒಂದು ಫೈಲಿನಲ್ಲಿ ಬರೆದು ಇನ್‌ಪುಟ್ ಆಗಿ ಕೊಡುವುದಾದರೆ ಕೊನೆಯ ಸಾಲಿನಲ್ಲಿ ‘ಇ’ ಇರಲಿ, ಅಳಿಸುವ ಕಮಾಂಡ್‌ಗಳು ದೊಡ್ಡ ನಂಬರಿನಿಂದ ಚಿಕ್ಕದಕ್ಕೆ ಇಳಿಯಲಿ.