ಎಷ್ಟು ಹಾಕಿದರೆ ಅಕ್ಕನ ಹೆಸರು ಉಳಿಯುತ್ತೆ?

ಅಂಗಡಿ ನಡೆಸಿ, ಕಬಡ್ಡಿ ಆಡಿ, ಬೀದಿಯವರ ಕಷ್ಟಕ್ಕೆಲ್ಲ ಒದಗಿದ ಹೆಣ್ಣುಮಗಳೊಬ್ಬರು ತೀರಿಕೊಂಡರೆ ಮನೆಯವರು ಕಾಲೇಜಿಗೆ ಬಂದು ಕೇಳುವುದು ಇದನ್ನೇ: "ವಿದ್ಯಾರ್ಥಿವೇತನಕ್ಕೆ ಎಷ್ಟು ಹಾಕಿದರೆ ಅಕ್ಕನ ಹೆಸರು ಉಳಿಯುತ್ತೆ ಸಾರ್?"

ಹೆಸರು ಉಳಿದರೆ ಸಾಕು ಅನ್ನುವುದಾದರೆ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚು ಹಾಕಿಸಿ. ಅಗ್ಗ.

ಇರಲಿ, ಲೆಕ್ಕ ಕೇಳಿ. 5 ಲಕ್ಷದ ಠೇವಣಿಗೆ ಶೇ. 7 ಬಡ್ಡಿ ಸಿಕ್ಕರೆ ವರ್ಷಕ್ಕೆ 35,000. ಅಷ್ಟನ್ನೂ ಕೊಟ್ಟುಬಿಟ್ಟರೆ ಅಸಲು ನಿಂತಲ್ಲೇ ನಿಲ್ಲುತ್ತೆ; ಬೆಲೆ ಶೇ. 6ರಂತೆ ಏರಿದರೆ ಹತ್ತು ವರ್ಷದ ಹೊತ್ತಿಗೆ ಆ 35,000ಕ್ಕೆ ಇವತ್ತಿನ 19,500ರಷ್ಟೇ ಬೆಲೆ. ಹಾಗಾಗಿ 10,000 ಅಸಲಿಗೆ ಸೇರಿಸಿ, 25,000 ಕೊಡಿ. ಒಬ್ಬಳಿಗೇ ಕೊಡಿ. 25 ಮಕ್ಕಳಿಗೆ ತಲಾ ಸಾವಿರ ಹಂಚಿದರೆ ಫೋಟೊ ಅಗಲವಾಗಿ ಬರುತ್ತೆ, ಒಬ್ಬರ ಫೀಸೂ ತುಂಬುವುದಿಲ್ಲ.

ದುಡ್ಡು ಯಾವ ತಿಂಗಳು ಕೈ ಸೇರುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಫೀಸು ಕಟ್ಟುವುದು ಜೂನ್, ಜುಲೈನಲ್ಲಿ. ಚೆಕ್ ಕೊಡುವುದು ಫೆಬ್ರವರಿಯ ವಾರ್ಷಿಕೋತ್ಸವದಲ್ಲಿ, ಶಾಲು ಹೊದಿಸಿ. ಅಷ್ಟರಲ್ಲಿ ಅಮ್ಮನ ಕಿವಿಯೋಲೆ ಗಿರವಿಗೆ ಹೋಗಿ ಏಳೆಂಟು ತಿಂಗಳಾಗಿರುತ್ತೆ. ಬಡ್ಡಿ ಮೇ ತಿಂಗಳಲ್ಲಿ ಬರುವ ಹಾಗೆ ಠೇವಣಿ ಇಡಿ. ಶಾಲು ಯಾವಾಗ ಬೇಕಾದರೂ ಹೊದಿಸಬಹುದು.

ಇನ್ನು ದತ್ತಿಪತ್ರ, ಅಂದರೆ ದುಡ್ಡು ಯಾರಿಗೆ ಹೋಗಬೇಕು ಅಂತ ಬರೆಸುವ ಕಾಗದ. 'ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿನಿಗೆ' ಅಂತ ಕಣ್ಣುಮುಚ್ಚಿ ಬರೆಸುತ್ತಾರೆ. ಬೆಳಿಗ್ಗೆ ಐದೂವರೆಗೆ ಮೈದಾನಕ್ಕಿಳಿಯುವವಳು, ಪಂದ್ಯಕ್ಕೆ ಹೋಗಿ ಇಂಟರ್ನಲ್ಸ್ ತಪ್ಪಿಸಿಕೊಂಡವಳು ಅಲ್ಲೇ ಔಟ್. ನಿಮ್ಮ ಅಕ್ಕನೇ ಅರ್ಜಿ ಹಾಕಿದ್ದರೂ ಸಿಗುತ್ತಿತ್ತೋ ಇಲ್ಲವೋ. ಪಾಸಾಗಿರಬೇಕು, ಅಂತರಕಾಲೇಜು ಪಂದ್ಯ ಆಡಿರಬೇಕು, ಮನೆಯ ಆದಾಯ ಕಡಿಮೆ ಇರಬೇಕು: ಇಷ್ಟು ಸಾಕು. ಕೋರ್ಸಿನ ಹೆಸರು ಬರೆಯಲೇಬೇಡಿ. ಆ ಕೋರ್ಸ್ ಮುಚ್ಚಿದರೆ ಬಡ್ಡಿ ಬ್ಯಾಂಕಿನಲ್ಲೇ ಕೊಳೆಯುತ್ತೆ. ಅರ್ಹರು ಸಿಗದ ವರ್ಷ ಏನು ಮಾಡಬೇಕು ಅನ್ನುವುದನ್ನೂ ಒಂದು ಸಾಲು ಬರೆಸಿ.

ಖಾತೆ ಹುಡುಗಿಯ ಹೆಸರಲ್ಲೇ ಇರಲಿ, ಅಪ್ಪನದು ಬೇಡ. ಪಾಸ್‌ಬುಕ್ ಜೆರಾಕ್ಸ್ ತಂದರೆ ಬ್ಯಾಂಕಿನ ಹೆಸರು ಓದಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲೇ ಕೆನರಾ ಬ್ಯಾಂಕಿಗೆ ಸೇರಿತು, ದುಡ್ಡು ಕಳಿಸಲು ಬೇಕಾದ ಅದರ ಹಳೇ ಶಾಖಾ ಕೋಡ್ (ಐಎಫ್‌ಎಸ್‌ಸಿ) 2021ರ ಜುಲೈಯಿಂದ ನಡೆಯುವುದಿಲ್ಲ. ಟ್ರಂಕಿನಲ್ಲಿದ್ದ ಆ ಪಾಸ್‌ಬುಕ್ ನಂಬಿ ಕಳಿಸಿದ ದುಡ್ಡು ವಾಪಸ್ ಬರುತ್ತೆ, ಸರಿಪಡಿಸುವಷ್ಟರಲ್ಲಿ ಫೀಸಿನ ಕಡೇ ದಿನ ಮುಗಿದಿರುತ್ತೆ.